ಬೆಣ್ಣೆಯ ಕಣ್ಣು

ಎರಡು ಗಂಟೆಗೇ ನನಗೆ ಗೊತ್ತಾಗಿತ್ತು.
ಅಡುಗೆಮನೆಯ ಹಿಂದೆ, ಸೂರಿನ ತಗಡಿನಿಂದ
ಟಪ್ ಎಂದಿತು ಒಂದು ಹನಿ. ತುಸು ತಡೆದು ಇನ್ನೊಂದು.
ಫೆಬ್ರವರಿಯಲ್ಲಿ ಎಸ್ಟೋನಿಯಾದ ಸೂರು
ಮಾತಾಡಬಾರದು. ಹಲ್ಲು ಕಚ್ಚಿಕೊಂಡಿರಬೇಕು.

ಆದರೂ ಒಲೆ ಹಚ್ಚಿದೆ.
ನಲವತ್ತು ಲೀಟರಿನ ಹಂಡೆ. ಮೊದಲು ನೀರು, ಆಮೇಲೆ ಹಾಲು,
ಉಪ್ಪು ಮುಷ್ಟಿಗೆ ಬಂದಷ್ಟು: ಆ ಲೆಕ್ಕ ಕೈಗೆ ಗೊತ್ತು,
ಬಾಯಿಬಿಟ್ಟು ಹೇಳೆಂದರೆ ಬಾರದು.
ಓಟ್ಸ್ ಸುರಿದೆ, ಮಳೆಯ ಹಾಗೆ
(ಇವತ್ತು ಹಾಗೆನ್ನಬಾರದು)
ಸೌಟು ಬಿಡದೆ ತಿರುವಿದೆ. ಬಿಟ್ಟರೆ ತಳ ಹಿಡಿಯುತ್ತದೆ.

ಶಾಲೆಯ ಆಟದ ಹಾಲಿನಲ್ಲಿ ನೂರಾ ಹತ್ತು ಮಂದಿ,
ಬಾಸ್ಕೆಟ್‌ಬಾಲಿನ ಗೆರೆಗಳ ನಡುವೆ
ಚೀಲ ಹೊಕ್ಕು ಮಲಗಿದ್ದಾರೆ, ಗೂಡು ಕಟ್ಟಿದ ಹುಳುಗಳು.
ಎಂಟಕ್ಕೆ ಸ್ಪರ್ಧೆ. ಅರವತ್ತಮೂರು ಕಿಲೋಮೀಟರು ಹಿಮ.
ಮೂರು ಗಂಟೆ ಮೊದಲೇ ಉಣ್ಣಬೇಕಂತೆ.
ಉಂಡದ್ದನ್ನು ಹೊಟ್ಟೆ ಮರೆಯಬೇಕು, ಕಾಲು ನೆನೆಯಬೇಕು,
ಅದಕ್ಕೆ ಅಷ್ಟು ಹೊತ್ತು ಹಿಡಿಯುತ್ತದಂತೆ.
ಊರ್ಮಸ್ ಹೇಳುವ ಮಾತು ಇದು.
ಅವನು ಮನೆಯಿಂದಲೇ ತಕ್ಕಡಿ ತರುತ್ತಾನೆ,
ನನ್ನ ಗಂಜಿಯನ್ನು ಬಂಗಾರದ ಹಾಗೆ ತೂಗುತ್ತಾನೆ.

ಐದಕ್ಕೆ ಸಾಲು ನಿಂತರು,
ಕೂದಲು ಕೆದರಿ, ಕಾಲಿಗೆ ಬರೀ ಉಣ್ಣೆಯ ಕಾಲುಚೀಲ.
ಯಾರೂ ಕಿಟಕಿಯತ್ತ ನೋಡಲಿಲ್ಲ.
ನೋಡದಿರುವುದಕ್ಕೂ ಒಂದು ಶಿಸ್ತು ಬೇಕು.
ಪ್ರತಿ ಬಟ್ಟಲಿನ ನಡುವೆ ಗುಳಿ ಮಾಡಿ
ಒಂದು ತುಂಡು ಬೆಣ್ಣೆ ಇಟ್ಟೆ.
ಅದಕ್ಕೆ ನಮ್ಮಲ್ಲಿ ಬೆಣ್ಣೆಯ ಕಣ್ಣು ಎನ್ನುತ್ತಾರೆ.
ಕರಗುತ್ತ ಕರಗುತ್ತ ಅದು ನನ್ನನ್ನೇ ನೋಡಿತು:
ಮಾಯ್ಮು, ನೀನು ಹೇಳುವುದಿಲ್ಲವೇನೇ?

ಹೇಳಬಹುದಿತ್ತು.
ಹೇಳಿದ್ದರೆ ಅದು ಬರೀ ಗಂಜಿಯಾಗುತ್ತಿತ್ತು.

ಎಂಡೆಲ್, ಎಪ್ಪತ್ತೆರಡು ದಾಟಿದವನು,
ತನ್ನದೇ ಮರದ ಚಮಚದಲ್ಲಿ ನಿಧಾನ ಉಂಡ,
ಬೇಯಿಸಿದ ಮೊಟ್ಟೆ ಒಂದನ್ನು ಜೇಬಿಗೆ ಇಳಿಸಿದ,
ಪ್ರತಿ ವರ್ಷದಂತೆ, ನಾನು ಕಾಣಲಿಲ್ಲ ಎಂದುಕೊಂಡು.
ಫಿನ್ಲೆಂಡಿನವನೊಬ್ಬ ಬೀಟ್‌ರೂಟ್ ರಸ ಕುಡಿದು
ರಕ್ತ ಹೀರಿದವನ ಹಾಗೆ ನಕ್ಕ.
ಮೂಲೆಯಲ್ಲಿ ಲೇಲೊ, ಹತ್ತೊಂಬತ್ತರ ಹುಡುಗಿ, ಮೊದಲ ಸಲ ಬಂದವಳು.
ಒಂದು ಚಮಚ ಬಾಯಿಗಿಟ್ಟಳು. ನುಂಗಲಾಗಲಿಲ್ಲ.
ಎರಡನೆಯದಕ್ಕೆ ಎದ್ದು ಹೊರಗೋಡಿದಳು.
ಗಂಟಲಿಗೆ ಬೀಗ ಬಿದ್ದರೆ
ಯಾವ ತಕ್ಕಡಿ ಏನು ಮಾಡೀತು?
ಅವಳ ಬಟ್ಟಲಿಗೆ ತಟ್ಟೆ ಮುಚ್ಚಿಟ್ಟೆ.

ಆರಕ್ಕೆ ಹತ್ತು ನಿಮಿಷ. ಫೋನು ಬಂತು.
ವ್ಯಾಯಾಮದ ಮೇಷ್ಟರು ಬೆಂಚು ಹತ್ತಿ ಓದಿದರು:
ರಾತ್ರಿಯಿಡೀ ಮಳೆ, ಜಾಡು ಕರಗಿದೆ,
ಕಾಡಿನೊಳಗೆ ಹುಲ್ಲು ಕಾಣುತ್ತಿದೆ. ಸ್ಪರ್ಧೆ ಇಲ್ಲ.

ನೂರಾ ಹತ್ತು ತುಂಬಿದ ಹೊಟ್ಟೆಗಳ ಮೌನವನ್ನು
ನೀವು ಕೇಳಿಲ್ಲ.
ಹಸಿದವರ ಮೌನಕ್ಕೆ ಸಿಟ್ಟಾದರೂ ಇರುತ್ತದೆ.
ಇವರೋ, ಅರವತ್ತಮೂರು ಕಿಲೋಮೀಟರು ನುಂಗಿ ಕೂತವರು,
ಎಲ್ಲಿ ಇಳಿಸಬೇಕು ಅದನ್ನು?
ಊರ್ಮಸ್ ತಕ್ಕಡಿಯ ಬ್ಯಾಟರಿ ಬಿಚ್ಚಿದ.
ಯಾರೋ ನಕ್ಕರು. ಯಾರೋ ಸ್ಕೀ ಮೇಣವನ್ನು
ಮತ್ತೆ ಮತ್ತೆ ಉಜ್ಜುತ್ತಲೇ ಇದ್ದರು.

ಆಗ ಲೇಲೊ ಕೌಂಟರಿಗೆ ಬಂದಳು, ಮುಖ ತೊಳೆದುಕೊಂಡು.
"ನನ್ನ ಗಂಜಿ ಇದೆಯಾ?"
ಇತ್ತು. ತಣ್ಣಗಾಗಿತ್ತು, ಕೆನೆ ಕಟ್ಟಿತ್ತು,
ಬೆಣ್ಣೆ ಹಳದಿಯಾಗಿ ಹೆಪ್ಪುಗಟ್ಟಿತ್ತು.
ಬಿಸಿ ಮಾಡುತ್ತೇನೆ ಎಂದರೆ ಕಾಯಲಿಲ್ಲ.
ನಿಂತೇ ಉಂಡಳು. ಇನ್ನೊಂದು ಸೌಟು ಕೇಳಿದಳು. ಮತ್ತೊಂದು.
ಬಟ್ಟಲನ್ನು ಬೆರಳಲ್ಲಿ ಬಳಿದಳು.
ಇಷ್ಟು ಹೊತ್ತು ಈ ಹಸಿವು ಎಲ್ಲಿ ಅಡಗಿತ್ತೋ.

ಹೊರಗೆ ಮಳೆಯಲ್ಲಿ ಐದಾರು ಜನ
ಬೂಟು ಕಟ್ಟಿ ರಸ್ತೆಗಿಳಿದು ಓಡತೊಡಗಿದರು,
ಎತ್ತಲೆಂದಿಲ್ಲ, ಉಂಡದ್ದು ತೀರುವ ತನಕ.
ಹಿಂದೆ ಎಂಡೆಲ್, ನಡೆಯುತ್ತ,
ಒಂದು ಕೈ ಜೇಬಿನ ಮೇಲೆ.

ಹಂಡೆಗೆ ನೀರು ಹೊಯ್ದೆ.
ಎಷ್ಟು ತಿರುವಿದ್ದರೂ
ತಳ ಹಿಡಿದಿತ್ತು.