ಕೌದಿ ಯಾರ ಪಾಲಿಗೆ

ಸಂಡೂರು, ಅದಿರು ಪರೀಕ್ಷೆಯ ಕೋಣೆ, ಮಧ್ಯಾಹ್ನ ಮೂರು.
ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತಿದೆ.
ಬ್ಯೂರೆಟ್ಟಿನಿಂದ ಕಿತ್ತಳೆ ಹನಿ, ಒಂದು, ಇನ್ನೊಂದು,
ಫ್ಲಾಸ್ಕು ನೇರಳೆಗೆ ತಿರುಗಿದ್ದೇ ಕೈ ಬಿಗಿ.
ಬರೆದುಕೊಂಡೆ: ಹದಿನೆಂಟು ಪಾಯಿಂಟ್ ನಾಲ್ಕು.

ಕಾಂತಕ್ಕೆ ಅಂಟುವ ಈ ಕರಿಕಲ್ಲಿನಲ್ಲಿ
ಎಷ್ಟು ಕಬ್ಬಿಣ ಒಂದು ಎಲೆಕ್ಟ್ರಾನು ಹೆಚ್ಚಿಗೆ ಇಟ್ಟುಕೊಂಡಿದೆ,
ಅಷ್ಟನ್ನು ಹನಿ ಹೇಳುತ್ತದೆ.
ಯಾವ ಕಬ್ಬಿಣ ಎಂದರೆ
ಹನಿಗೆ ಗೊತ್ತಿಲ್ಲ. ಈ ಸೆಕೆಯಲ್ಲಿ ಕಲ್ಲಿಗೂ ಗೊತ್ತಿಲ್ಲ.

ಬೇಸಿಗೆಯಲ್ಲಿ ನಮ್ಮನೆ ಕೌದಿಯೂ ಹಾಗೇ.
ಸುಂಕಮ್ಮನದಲ್ಲ, ನನ್ನದೂ ಅಲ್ಲ;
ಅವಳ ಕಾಲಡಿಯಿಂದ ನನ್ನ ತಲೆಯಡಿಗೆ,
ಅಲ್ಲಿಂದ ಹೊಸ್ತಿಲಿಗೆ, ಸುಮ್ಮನೆ ತಿರುಗುತ್ತಿತ್ತು
ಅವ್ವನ ಹಳೇ ಸೀರೆಗಳನ್ನೆಲ್ಲ ಹೊತ್ತು.
ಚಳಿ ಬಿದ್ದ ರಾತ್ರಿ ಮಾತ್ರ
ಯಾರದೋ ಒಬ್ಬಳದಾಗುತ್ತಿತ್ತು.

ಕಲ್ಲಿಗೆ ಅಂಥ ಚಳಿ ಹತ್ತಬೇಕಾದರೆ
ಸೊನ್ನೆಯಿಂದ ನೂರೈವತ್ತು ಡಿಗ್ರಿ ಕೆಳಗಿಳಿಸಬೇಕು.
ಆಗ ಅಲೆಮಾರಿ ಎಲೆಕ್ಟ್ರಾನು ಮನೆ ಹಿಡಿಯುತ್ತದೆ:
ಒಬ್ಬಳಿಗುಂಟು, ಪಕ್ಕದವಳಿಗಿಲ್ಲ, ಸಾಲುದ್ದಕ್ಕೂ.
ಅಷ್ಟಕ್ಕೇ ತಕ್ಕಡಿ ವಾಲುವುದಿಲ್ಲ.
ಹಾಸಿಗೆ ಹಾಸಿಗೆಯ ಸಂದೂ ಏರುಪೇರಾಗಬೇಕು,
ಈ ಕಡೆ ಉಸಿರು ತಾಗುವಷ್ಟು ಹತ್ತಿರ,
ಆ ಕಡೆ ಕೈ ಚಾಚಿದರೂ ಸಿಗದಷ್ಟು ದೂರ.
ಆಗ ಹರಳಿಗೊಂದು ದಿಕ್ಕು ಹುಟ್ಟುತ್ತದೆ;
ಒಂದು ತುದಿ ಧನ, ಒಂದು ತುದಿ ಋಣ.

"ಸಾಕು, ಈಗ ಆಕೀಗಿ ಕೊಡು!"
ಕತ್ತಲಲ್ಲೇ ಅವ್ವ ಗದರುತ್ತಿದ್ದಳು.
ನಾನು ಏಳಲಿಲ್ಲ, ಸುಂಕಮ್ಮ ಹೊರಳಲಿಲ್ಲ,
ಕೌದಿ ಒಂದು ಮೊಳ ಸರಿಯಿತು.
ಮನೆಯೇ ಮಗ್ಗುಲು ಬದಲಾಯಿಸಿದಂತೆ.

ಹರಳನ್ನು ವೋಲ್ಟೇಜು ಗದರುವುದೂ ಹೀಗೇ.
ಕಬ್ಬಿಣ ಕೂತಲ್ಲೇ ಕೂತಿರುತ್ತದೆ, ತುಸು ಮಿಸುಕಬಹುದು;
ಎಲೆಕ್ಟ್ರಾನು ಪಕ್ಕದ ಮನೆಗೆ ಜಿಗಿದು
ಧನವಿದ್ದಲ್ಲಿ ಋಣ.
ಗದರಿಕೆ ನಿಂತರೂ ವಾಪಸು ಬರುವುದಿಲ್ಲ,
ಅವ್ವ ಗೊರಕೆ ಹೊಡೆದ ಮೇಲೂ
ಕೌದಿ ಕೊಟ್ಟವರ ಮೇಲೇ ಇದ್ದಂತೆ.

ಗಾದಿಲಿಂಗಪ್ಪ ಸಾರ್ ಬಾಗಿಲಲ್ಲಿ:
"ಏನಮ್ಮಾ, ಪರ್ಸೆಂಟ್ ಎಷ್ಟು ಬಂತು?
ಲಾರಿ ಕಾಯ್ತಾ ಐತೆ."
ಹೇಳಿದೆ. ವರದಿಯಲ್ಲಿ ಅದಕ್ಕಷ್ಟೇ ಖಾನೆ.

ಕೌದಿ ಈಗ ಕುರುಗೋಡಿನಲ್ಲಿ, ಸುಂಕಮ್ಮನ ಟ್ರಂಕಿನಲ್ಲಿ.
ಅವ್ವ ಕೊನೆಯ ಸಲ ಗದರಿದ್ದು ನನ್ನನ್ನು.
ಮೂರು ಚಳಿಗಾಲ ಆಯಿತು,
ಇಬ್ಬರೂ ಕೇಳಿಲ್ಲ, ಇಬ್ಬರೂ ಕೊಟ್ಟಿಲ್ಲ.

ಫ್ಲಾಸ್ಕು ತೊಳೆದೆ.
ಉಗುರುಸಂದಿನ ಕೆಂಪು ಹಾಗೇ ಉಳಿಯಿತು.