ಒಂದು ಬಳ್ಳಿಗೆ ಒಂದೇ ಕಾಯಿ

ಕೈಲ್ ಮುಹೂರ್ತ ಕಳೆದ ಮೂರನೇ ದಿನ ನಿನ್ನನ್ನು ಊರಿದ್ದು,
ಶಾಲೆಯ ಅಡುಗೆಕೋಣೆ ಹಿಂದೆ, ಪಾತ್ರೆ ತೊಳೆದ ನೀರು ಹರಿಯುವಲ್ಲಿ.
ಹೆಡ್ಮಾಸ್ಟ್ರು ಸೋಮವಾರಪೇಟೆಯಿಂದ ತಂದ ಪೊಟ್ಟಣದಲ್ಲಿ
ಎರಡೇ ಬೀಜ. ಒಂದನ್ನು ಇಲಿ ತಿಂದಿತು.
ಉಳಿದದ್ದು ನೀನು.

ಏನೇನು ಉಣಿಸಿದೆ ಹೇಳಲಾ?
ಕಾಫಿ ಸಿಪ್ಪೆ ಆರು ಬುಟ್ಟಿ, ಬಸಪ್ಪಣ್ಣನ ಕೊಟ್ಟಿಗೆ ಗೊಬ್ಬರ,
ದಿನಾ ಐವತ್ಮೂರು ಮಕ್ಕಳ ಅಕ್ಕಿ ತೊಳೆದ ನೀರು.
ಮೊಟ್ಟೆಯ ದಿನ ಮೊಟ್ಟೆ ಚಿಪ್ಪು,
ಮೊಟ್ಟೆ ತಿನ್ನದವರ ಬಾಳೆಹಣ್ಣಿನ ಸಿಪ್ಪೆ.
ನಿನಗೆ ಜಾತಿಯಿಲ್ಲ, ಎರಡೂ ನುಂಗಿದೆ.

ಅಕ್ಟೋಬರಿನ ಮಂಜಿಗೆ ಜೇನು ಏಳುವುದಿಲ್ಲ.
ದಸರಾ ರಜೆಯಲ್ಲೂ ಆರೂಕಾಲಕ್ಕೆ ಬಂದು
ಗಂಡು ಹೂವಿನ ಎಸಳು ಕಿತ್ತು
ಹೆಣ್ಣು ಹೂವಿನ ಬಾಯಿಗೆ ನಾನೇ ತಾಕಿಸಿದೆ,
ಕೂಸಿಗೆ ಬಜೆ ನೆಕ್ಕಿಸಿದ ಹಾಗೆ,
ಯಾರಾದರೂ ನೋಡಿಯಾರೆಂದು ಸೆರಗು ಮರೆಮಾಡಿ.

ಎಂಟು ಕಾಯಿ ಕಚ್ಚಿದವು.
"ಒಂದು ಬಳ್ಳಿಗೆ ಒಂದೇ ಕಾಯಿ, ಸಾಕಮ್ಮ. ಮಿಕ್ಕದ್ದು ಕಿತ್ಹಾಕಿ.
ಊಟ ಹಂಚಿಹೋದರೆ ಯಾವುದೂ ದೊಡ್ಡದಾಗಲ್ಲ"
ಎಂದರು ಮಾಸ್ಟ್ರು,
ಐವತ್ಮೂರು ತಟ್ಟೆಗೆ ಬಡಿಸುವವಳ ಮುಂದೆ ನಿಂತು.
ಏಳನ್ನೂ ಕಿತ್ತೆ. ತೊಟ್ಟಿನಲ್ಲಿ ಅಂಟಂಟು.
ಅವತ್ತಿನ ಸಾರು ರುಚಿಯಾಗಿತ್ತು. ಅದೇ ಬೇಜಾರು.

ನಮ್ಮಪ್ಪನಿಗೂ ಈ ಲೆಕ್ಕ ಗೊತ್ತಿತ್ತು.
ತಮ್ಮ ಕೊಡ್ಲಿಪೇಟೆಗೆ ಓದಲು ಹೋದ,
ಅಕ್ಕಂದಿರು ಮೂವರು ಸಾರಿಗಾದೆವು.
ಮೂರನೆಯವಳು ನಾನು. ಹೆಣ್ಣು ಇನ್ನು ಸಾಕು ಅಂತ ಸಾಕಮ್ಮ.
ಸಾಕುವುದೂ ಅದೇ ಮಾತಿನೊಳಗಿದೆಯೆಂದು
ಇಟ್ಟವರಿಗೆ ಹೊಳೆಯಲಿಲ್ಲ.
ತಮ್ಮನೂ ಭಾರೀ ದೊಡ್ಡವನೇನಾಗಲಿಲ್ಲ,
ಹಾಸನದಲ್ಲಿ ಕಂಡಕ್ಟರು.
ಹಬ್ಬಕ್ಕೆ ಸೀರೆ ತರುತ್ತಾನೆ. ಒಳ್ಳೆಯವನೇ.

ನೀನು ಮಾತ್ರ ಬೆಳೆದೆ.
ಲೈನ್ ಮನೆಯ ತಂಗಮಣಿ ನಿನ್ನ ಸೊಂಟಕ್ಕೆ ದಾರ ಸುತ್ತಿ ಗಂಟು ಹಾಕುವಳು,
ಸೋಮವಾರದ ಗಂಟಿಗೂ ಮಂಗಳವಾರದ ಗಂಟಿಗೂ
ನಡುವೆ ನಾಲ್ಕು ಬೆರಳು.
ಚಳಿಗೆ ನನ್ನ ಹಳೆ ಸೀರೆ ಹೊದಿಸಿದೆ.
ಸೌತೆಕಾಯಿಗೆ ಕೆಂಪು ಬಟ್ಟೆ ಉಡಿಸಿ ಕಾವೇರಿ ಎನ್ನುವ ನಾಡಿದು,
ನಗುವವರು ಯಾರು?
ಆನೆ ಬಂದೀತೆಂದು ಚೋಮ ಸಂಜೆಯೆಲ್ಲ ಡಬ್ಬ ಬಡಿದ.
ಆನೆ ಬರಲಿಲ್ಲ.
ಆನೆ ಕಾಯುವವರಿಗೆ ಬೇರೇನೂ ಕಾಣುವುದಿಲ್ಲ.

ಜನವರಿಗೆ ಮಡಿಕೇರಿಯಲ್ಲಿ ಫಲಪುಷ್ಪ ಪ್ರದರ್ಶನ.
ಮಾಸ್ಟ್ರು ಟೇಪು ಹಿಡಿದು ಲೆಕ್ಕ ಹಾಕಿದರು, ತೊಂಬತ್ತು ಕಿಲೋ ಖಂಡಿತ.
ಗೋಣಿಯಲ್ಲಿ ಹೊತ್ತು
ಶನಿವಾರಸಂತೆಯ ಹಂಸ ಕಾಕನ ಅಂಗಳಕ್ಕೆ ತಂದೆವು.
ಕಾಫಿ ತೂಗುವ ತಕ್ಕಡಿ ಐವತ್ತೆಂಟಕ್ಕೆ ನಿಂತಿತು.
ಒಂದು ಮೂಟೆ, ಮೇಲೆ ಎಂಟು.
ಕಾಕ ನಿನಗೆ ಕಿವಿಯಿಟ್ಟು ಕೇಳಿ,
"ಒಳಗೆ ಯಾರೋ ಇದ್ದಾರೆ" ಅಂದ.

ಹೊರಳಿಸಿದರೆ, ಹುಲ್ಲು ಅಂಟಿದ ಬದಿಯಲ್ಲಿ
ನಿಂಬೆಹಣ್ಣಿನಗಲ ತೂತು.
ತಾಯಿ ಇಲಿ ಕಾಕನ ಚಪ್ಪಲಿ ಹಾರಿ ಓಡಿತು.
ಒಳಗೆ ಬೀಜದ ಹೊಟ್ಟು, ನನ್ನ ಸೀರೆಯ ನೂಲು,
ನೂಲಿನಲ್ಲಿ ಆರು ಮರಿ,
ಕಣ್ಣು ತೆರೆಯದವು, ನಾಲಿಗೆಯ ಬಣ್ಣದವು.

ಮಾಸ್ಟ್ರು ಮಾತಾಡಲಿಲ್ಲ.
ನನಗೆ ನಗು. ಮೂಟೆಯ ಮೇಲೆ ಕೂತು ನಕ್ಕೆ.
ನಾಲ್ಕು ತಿಂಗಳು ಬಡಿಸಿದ್ದು ಯಾರಿಗೆ!
ಚೋಮ ಮರಿಗಳನ್ನು ತೆಂಗಿನ ಕರಟದಲ್ಲಿಟ್ಟು ಬೇಲಿಯಾಚೆ ಬಿಟ್ಟ.
ತಾಯಿ ಬಂತೋ ಹದ್ದು ಬಂತೋ.

ಮೂರು ದಿನ ನಿನ್ನನ್ನೇ ಬೇಯಿಸಿದೆ.
ಬೆಲ್ಲ ಹಾಕಿದರೂ ನೀರು ನೀರು.
ಮಕ್ಕಳು ತಿಂದರು, ಬೈಯುತ್ತ.

ಇಲಿ ಬಿಟ್ಟ ಬೀಜ ಹದಿನೇಳು.
ಈ ವರ್ಷ ಹದಿನೇಳನ್ನೂ ಊರಿದ್ದೇನೆ.
ಬಳ್ಳಿ ಬಾವಿಕಟ್ಟೆ ದಾಟಿ ಪಾಯಿಖಾನೆ ಮಾಡು ಹತ್ತಿದೆ,
ಎಲ್ಲೆಂದರಲ್ಲಿ ಸೊಟ್ಟ ಸೊಟ್ಟ ಕಾಯಿ.
"ಯಾವುದನ್ನ ಕೀಳೋದು, ಸಾಕಮ್ಮಕ್ಕ?"
ತಂಗಮಣಿ ದಾರ ಹಿಡಿದು ನಿಂತಿದ್ದಾಳೆ.
ನಾಳೆಯ ಸಾರಿಗೆ ಎಷ್ಟು ಬೇಕೋ ಅಷ್ಟು, ಅನ್ನುತ್ತೇನೆ.

ಅವಳು ಹೋದಮೇಲೆ
ಒಂದರ ಅಡಿಗೆ ಮಾತ್ರ
ಒಂದು ಹಿಡಿ ಒಣಹುಲ್ಲು ಸರಿಸುತ್ತೇನೆ,
ಯಾಕೋ.