ಅಳತೆ ಪುಸ್ತಕ, ಪುಟ ನಲವತ್ತೊಂದು

ಕೆಡವುವ ಮುಂಚೆ ಅಳೆಯಬೇಕು, ಅದು ಕಾನೂನು.
ಟೇಪಿನ ತುದಿ ಹಿಡಿದು ಮನ್ನಾನ್
ಒಣಗಿದ ಪಾಚಿಯ ಮೇಲೆ ಹೆಜ್ಜೆ ನೋಡಿ ನೋಡಿ ಇಟ್ಟ.
ನಾನು ಬರೆದುಕೊಂಡೆ:
ಶಿವಮೊಗ್ಗ, ತುಂಗೆಯ ದಂಡೆ, ಕೋಟೆ ರಸ್ತೆಯ ಹಿಂದೆ,
ಸಾರ್ವಜನಿಕ ಬಿಸಿನೀರಿನ ಸ್ನಾನಗೃಹ, ಒಂದು.
ಉದ್ದ ಹನ್ನೊಂದೂಮುಕ್ಕಾಲು ಮೀಟರು. ಚಾವಣಿ ಇಲ್ಲ.

ಚಾವಣಿ ಇದ್ದಾಗ ಬಾಗಿಲ ಮೇಲೆ ನೀಲಿ ಅಕ್ಷರ:
ಬಿಸಿನೀರು ಎರಡಾಣೆ. ಸೀಗೆಪುಡಿ ಬೇರೆ.
ಟವೆಲು ತರತಕ್ಕದ್ದು. ರಾಜಕೀಯ ಮಾತಾಡಕೂಡದು.
(ನಾನು ಕಾಣುವ ಹೊತ್ತಿಗೆ ಆಣೆ ಹೋಗಿ ಎಷ್ಟೋ ಕಾಲವಾಗಿತ್ತು,
ಅಕ್ಷರ ಮಾತ್ರ ಹಾಗೇ.)
ರಾಜಕೀಯ ಮಾತಾಡುತ್ತಿದ್ದರು.
ಮಂಡಿಯ ಹಮಾಲರು, ಸಾಗರದ ಕಡೆಯಿಂದ ರಾತ್ರಿಯಿಡೀ
ನಾಟಾ ತಂದ ಲಾರಿಯವರು, ಕೋರ್ಟಿಗೆ ಬಂದ ಕಕ್ಷಿದಾರರು.
ವಾದಿ ಪ್ರತಿವಾದಿ ಒಂದೇ ತೊಟ್ಟಿಯಿಂದ ಮೊಗೆದು
ಬೆನ್ನಿಗೆ ಬೆನ್ನು ಹಾಕಿ ಮಿಂದು
ಹತ್ತೂವರೆಗೆ ಬೇರೆ ಬೇರೆ ವಕೀಲರ ಹಿಂದೆ ನಿಂತರು.

ಲಿಗೋರಿ ಮೇಷ್ಟ್ರು ಒಮ್ಮೆ
ಏಳನೇ ಕ್ಲಾಸನ್ನು ಸಾಲಾಗಿ ಇಲ್ಲಿಗೆ ಕರೆತಂದಿದ್ದರು.
ಪಾಠದಲ್ಲಿ ರೋಮ್ ಎಂದರೆ ಒಂದೂವರೆ ಪುಟ.
ಹುಡುಗರು ಒಳಗೆ, ನಾವು ಹೊಸಿಲಾಚೆ.
"ಅಲ್ಲೂ ಹೀಗೇ ಕಣ್ರೋ. ನೆಲದಡಿ ಇಟ್ಟಿಗೆಯ ಮೋಟುಕಂಬ,
ಕಂಬದ ಸಂದಿಯಲ್ಲಿ ಬಿಸುಪು ಹರಿದಾಡಿ ಅಮೃತಶಿಲೆ ಬೆಚ್ಚಗೆ.
ಮೊದಲು ತಣ್ಣನೆ ಕೋಣೆ, ಆಮೇಲೆ ಉಗುರುಬೆಚ್ಚನೆಯದು,
ಆಮೇಲೆ ಸುಡುವುದು. ಚಕ್ರವರ್ತಿಯೂ ಬಂದು ಕೂರುತ್ತಿದ್ದ.
ನೂರಾರು ವರ್ಷ ಉರಿಯಿತು.
ಶತ್ರು ಬಂದು ಕಾಲುವೆ ಒಡೆದ, ಆರಿತು."
ಪರಶು ಕೇಳಿದ: "ಒಲೆಗೆ ಹಾಕೋರು ಯಾರು ಸಾರ್?"
ಮೇಷ್ಟ್ರು ಕನ್ನಡಕ ಒರೆಸಿಕೊಂಡರು.
"ಪುಸ್ತಕದಲ್ಲಿಲ್ಲ" ಎಂದರು.

ಇಲ್ಲಿ ಹಾಕುತ್ತಿದ್ದವಳು ಪರಶುವಿನ ಅಜ್ಜಿ, ಗುತ್ಯಮ್ಮ.
ಹೊಟ್ಟು ಅಕ್ಕಿ ಮಿಲ್ಲಿನದು,
ಬಾಯ್ಲರು ಭದ್ರಾವತಿಯ ಗುಜರಿ.
ಹಿಂಬದಿಯ ಹೊಂಡದಲ್ಲಿ, ನಾಲ್ಕರ ಕತ್ತಲಿಗೆ
ಮೊದಲ ಕಡ್ಡಿ ಗೀರಿ, ಇಪ್ಪತ್ತಾರು ವರ್ಷ.
ಅವಳು ಒಳಗೆ ಬರುವಂತಿರಲಿಲ್ಲ.
ಬೋರ್ಡಿನಲ್ಲಿ ಅದು ಬರೆದಿರಲಿಲ್ಲ,
ಬರೆಯಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಮಂಟಪ ಮುಳುಗಿದ ಒಂದು ವರ್ಷ
ಹೊಳೆಯೇ ಒಳಗೆ ಬಂತು, ಚೀಟಿ ಪಡೆಯದೆ.
ಆಮೇಲೆ ಮನೆಮನೆಗೆ ಗೀಸರು.
ಒಲೆಯ ಬಾಯಲ್ಲಿ ನಾಯಿ ಮರಿ ಹಾಕಿತು.

"ಮೇಡಂ, ಇಲ್ಲಿ ಬನ್ನಿ."

ಕೊಳವೆ ಗೋಡೆ ಹೊಕ್ಕುವ ಮುಂಚೆ, ಒಲೆಯ ಮಗ್ಗುಲಲ್ಲಿ
ಒಂದು ತೂತು.
ತೂತಿಗೆ ಹುಣಸೆ ಕಟ್ಟಿಗೆಯ ಬೆಣೆ, ಚಿಂದಿ ಸುತ್ತಿ ಬಿಗಿದದ್ದು.
ಕೆಳಗೊಂದು ಚಪ್ಪಡಿ.
ಕುಕ್ಕರುಗಾಲಲ್ಲಿ ಕೂತವರ ಕೈಗೆ ಎಟುಕುವಷ್ಟು ಎತ್ತರಕ್ಕೆ ಗೂಡು,
ಗೂಡಲ್ಲಿ ಸವೆದು ಬಿಲ್ಲೆಯಾದ ಮೈಯುಜ್ಜುವ ಕಲ್ಲು,
ಮೂರೇ ಹಲ್ಲಿನ ಬಾಚಣಿಗೆ.

ಅಂದರೆ, ಊರು ಏಳುವ ಮುಂಚೆ,
ದಿನದ ಮೊದಲ ಬಿಸಿನೀರು.
ವಾದಿ ಪ್ರತಿವಾದಿ ಮಿಂದದ್ದೆಲ್ಲ
ಅವಳು ಮಿಂದು ಉಳಿಸಿದ್ದು.

ನಗು ಬಂತು. ಮನ್ನಾನನಿಗೆ ಹೇಳಲಿಲ್ಲ.
ಅವನು ಕೇಳಿದ್ದು ಬೇರೆ:
"ಗೋಡೆ ಲೆಕ್ಕದಲ್ಲಿ ಈ ಗೂಡು ಕಳೀಬೇಕಾ?"
ಇಷ್ಟು ಸಣ್ಣ ತೆರಪನ್ನು ಕಳೆಯುವಂತಿಲ್ಲ, ನಿಯಮ ಹಾಗಿದೆ.
ಕಾಗದದ ಮೇಲೆ ಗೋಡೆ ಇಡಿಯಾಗಿಯೇ ಇರುತ್ತದೆ.

ಆದರೂ ಷರಾ ಕಾಲಮ್ಮಿನಲ್ಲಿ ಬರೆದೆ:
ಅರ್ಧ ಇಂಚಿನ ತೂತು, ಒಂದು. ಬೆಣೆ ಸಹಿತ.
ಸಹಿ ಹಾಕಿ, ಬೆಣೆ ಎಳೆದು ನೋಡಿದೆ.
ಚಿಟಿಕೆ ತುಕ್ಕು ಉದುರಿತು ಅಂಗೈಗೆ.

ಪರಶುವಿನ ನಂಬರು
ಯಾರ ಹತ್ತಿರವಾದರೂ ಇದ್ದೀತೆ?